ಸೋಲಿನ ವಿಚಾರಣೆ

ಗೆದ್ದ ಪಂದ್ಯದ ಮಾತು ಒಂದು ಕಪ್ಪು ಚಹಾದೊಳಗೆ ಮುಗಿಯುತ್ತದೆ. ಸೋತ ಪಂದ್ಯದ ಮಾತು ಹಾಗಲ್ಲ. ಅದಕ್ಕೆ ಚಹಾ ಸಾಲದು, ಮಿರ್ಚಿ ಭಜಿ ಬೇಕು. ಭಜಿಯೂ ಸಾಲದು, ಇನ್ನೊಂದು ಸುತ್ತು ಚಹಾ ಬೇಕು. ನಮ್ಮ ವಿಜಯಪುರದಲ್ಲಿ ಇಂತಹ ಮಾತಿಗೆ ಗೊತ್ತಾದ ಸ್ಥಳ ಗಾಂಧಿ ಚೌಕ. ಸಿದ್ಧೇಶ್ವರ ಗುಡಿಗೆ ಹೊರಟವರು, ಪೇಟೆ ಮುಗಿಸಿ ಊರಿಗೆ ಮರಳುವವರು, ಏನೂ ಕೆಲಸವಿಲ್ಲದೆ ಬಂದ ನಮ್ಮಂಥವರು, ಎಲ್ಲರೂ ಅಲ್ಲಿ ಕೂಡುತ್ತೇವೆ. ಸಂಜೆಯಾಯಿತೆಂದರೆ ಅಲ್ಲಿ ಒಂದು ಕೋರ್ಟು ಕೂಡಿದಂತೆಯೇ. ಅದರಲ್ಲಿ ವಾದಿಗಳೂ ನಾವೇ, ವಕೀಲರೂ ನಾವೇ, ನ್ಯಾಯಾಧೀಶರೂ ನಾವೇ. ಆರೋಪಿ ಮಾತ್ರ ಅಲ್ಲಿರುವುದಿಲ್ಲ.

ನಾನು ಆಟಗಾರನಲ್ಲ, ಆಟಗಾರರ ಬೆನ್ನು ಹತ್ತಿ ತಿರುಗುವವನು. ಮೂರು ವರ್ಷಗಳಿಂದ ನಮ್ಮ ಕಾಲೇಜಿನ ಕಾಲ್ಚೆಂಡಿನ ತಂಡ ಆಡಿದ ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ನಮ್ಮದು ಮೊದಲಿನಿಂದಲೂ ಸೈಕಲ್ಲಿನವರ ಊರು. ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ಈ ಜಿಲ್ಲೆಯಲ್ಲಿ ಕಾಲ್ಚೆಂಡನ್ನು ಕೇಳುವವರು ಕಡಿಮೆ. ಆದುದರಿಂದ ತಂಡದ ಹಿಂದೆ ಹೋಗುವ ನಾವು ಹದಿನೈದು ಇಪ್ಪತ್ತು ಜನ ನಮ್ಮನ್ನು ನಾವೇ ದೊಡ್ಡ ಪಂಡಿತರೆಂದು ತಿಳಿದುಕೊಂಡಿದ್ದೆವು. ಈ ವರ್ಷದ ಅಂತರ ಕಾಲೇಜು ಪಂದ್ಯದ ಮರುದಿನ ನಮ್ಮ ಪಾಂಡಿತ್ಯ ಏನು ಮಾಡಿತು, ಅದನ್ನು ಮಾಡಬೇಕಾದ ಬಗೆ ಯಾವುದು ಎಂಬುದನ್ನು ಬರೆಯಬೇಕೆಂದು ಈ ಲೇಖನಕ್ಕೆ ತೊಡಗಿದ್ದೇನೆ. ತಪ್ಪೊಪ್ಪಿಗೆಯೂ ಇದರಲ್ಲಿ ಸೇರಿಕೊಂಡರೆ ವಾಚಕರು ಕ್ಷಮಿಸಬೇಕು.

ಪಂದ್ಯದ ಕಥೆ ಚಿಕ್ಕದು. ಮೊದಲರ್ಧದಲ್ಲಿ ನಾವು ಒಂದು ಗೋಲು ಹೊಡೆದೆವು. ಎರಡನೆಯ ಅರ್ಧದಲ್ಲಿ ಎದುರಾಳಿಗಳು ಸಮ ಮಾಡಿದರು. ಇನ್ನೇನು ಸೀಟಿ ಊದುತ್ತಾರೆ ಎನ್ನುವಾಗ ಅವರಿಗೆ ಒಂದು ಕಾರ್ನರ್ ಸಿಕ್ಕಿತು. ಚೆಂಡು ಎತ್ತರವಾಗಿ ತೇಲಿ ಬಂತು. ನಮ್ಮ ಗೋಲಿ ಗೆರೆಯನ್ನು ಬಿಟ್ಟು ಮುಂದೆ ಬಂದು ಮುಷ್ಟಿಯಿಂದ ಹೊಡೆಯಲು ನೆಗೆದ. ಮುಷ್ಟಿಗೆ ಗಾಳಿ ಸಿಕ್ಕಿತು, ಚೆಂಡು ಸಿಗಲಿಲ್ಲ. ಅವನ ಹಿಂದೆ ನಿಂತಿದ್ದ ಹುಡುಗನೊಬ್ಬ ತಲೆ ಕೊಟ್ಟ. ಖಾಲಿ ಗೋಲಿನೊಳಗೆ ಚೆಂಡು ಒಮ್ಮೆ ಪುಟಿದು ಒಳಗೆ ಹೋದದ್ದನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಎರಡು, ಒಂದು. ನಾವು ಹೊರಬಿದ್ದೆವು.

ಅಂದು ಸಂಜೆ ಚೌಕದಲ್ಲಿ ಕೋರ್ಟು ಕೂಡಿತು. ಮೊದಲು ರೆಫ್ರಿಯ ವಿಚಾರಣೆಯಾಯಿತು. ಕಾರ್ನರ್ ಕೊಟ್ಟದ್ದೇ ತಪ್ಪೆಂದು ಒಬ್ಬ ವಾದಿಸಿದ. ಮೈದಾನದ ವಿಚಾರಣೆಯಾಯಿತು. ಆದರೆ ಮೈದಾನಕ್ಕೆ ಬೈದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಕೊನೆಗೆ ಎಲ್ಲರ ಬೆರಳೂ ಗೋಲಿಯ ಕಡೆಗೆ ತಿರುಗಿದವು.

"ಅಂವ ಯಾಕ ಹೊರಗ ಬಂದ? ಯಾರ ಕರದಿದ್ರು?" ಎಂದ ಒಬ್ಬ.

"ಗೆರಿ ಮ್ಯಾಲ ನಿಂತಿದ್ರ ಚೆಂಡು ಅವನ ಕೈಯಾಗ ಬಂದು ಬೀಳ್ತಿತ್ತು" ಎಂದ ಇನ್ನೊಬ್ಬ.

ನನಗೆ ಜನರನ್ನು ನಗಿಸುವ ಚಟ. "ಅಂವ ನಿಲ್ಲೂ ಬದಲಿ ಅಲ್ಲೊಂದು ದೊಡ್ಡ ಕಲ್ಲ ಇಟ್ಟಿದ್ರ ಗೆಲ್ತಿದ್ವಿ. ಕಲ್ಲ ಎಲ್ಲಿಗೂ ಎದ್ದ ಹೋಗೂದಿಲ್ಲ" ಎಂದೆ. ಚಹಾದಂಗಡಿಯ ಕಾಕಾ ಸಹಿತ ನಕ್ಕರು. ಆ ನಗೆಯಿಂದ ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಗೋಳಗುಮ್ಮಟದ ಒಳಗಿನ ಪಿಸುಗುಟ್ಟುವ ಮೊಗಸಾಲೆಯನ್ನು ಹತ್ತದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಈ ಕಡೆಯ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ನುಡಿದ ಮಾತು ಆ ಕಡೆಯ ಗೋಡೆಯಲ್ಲಿ ಕೇಳುತ್ತದೆ. ಒಂದು ಚಪ್ಪಾಳೆ ಹಲವು ಸಲ ಮರುದನಿಗೊಡುತ್ತದೆ. ನನ್ನ ಕಲ್ಲಿನ ಮಾತು ಅದೇ ರೀತಿ ಊರ ಗೋಡೆಗಳನ್ನು ಸುತ್ತಿ, ನಾನು ಮನೆ ಮುಟ್ಟುವುದರೊಳಗೆ ಹಾಸ್ಟೆಲಿನಲ್ಲಿದ್ದ ಗೋಲಿಯ ಕಿವಿಗೆ ಬಿದ್ದಿತ್ತು. ಅವನು ಎರಡು ದಿನ ಕ್ಲಾಸಿಗೆ ಬರಲಿಲ್ಲ. ಮೈದಾನಕ್ಕಂತೂ ಒಂದು ವಾರ ಬರಲಿಲ್ಲ. ಸಾಮಾನು ಖೋಲಿಯ ಮೊಳೆಗೆ ಅವನ ಕೈಚೀಲಗಳು ತೂಗುಬಿದ್ದೇ ಇದ್ದವು.

ಇಷ್ಟು ಪೀಠಿಕೆ. ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಒಂದು ತಂಡ ಸೋತಾಗ ಅಭಿಮಾನಿಗಳಾದ ನಾವು ಕೊನೆಯ ತಪ್ಪನ್ನೇ ಏಕೆ ಹಿಡಿಯುತ್ತೇವೆ?

ಒಂದು ಕಾರಣ ಈ ಆಟದ ಸ್ವಭಾವದಲ್ಲಿಯೇ ಇದೆ. ಕಬಡ್ಡಿಯಲ್ಲಿ ಮೂವತ್ತು ನಲವತ್ತು ಅಂಕಗಳಾಗುತ್ತವೆ, ಕ್ರಿಕೆಟ್ಟಿನಲ್ಲಿ ನೂರಾರು ರನ್ನುಗಳು. ಅಲ್ಲಿ ಒಂದು ತಪ್ಪು ಉಳಿದ ನೂರರಲ್ಲಿ ಕರಗಿಹೋಗುತ್ತದೆ. ಕಾಲ್ಚೆಂಡಿನಲ್ಲಿ ಹಾಗಿಲ್ಲ. 2022ರ ವಿಶ್ವ ಕಪ್ಪಿನ 64 ಪಂದ್ಯಗಳಲ್ಲಿ ಆದ ಗೋಲುಗಳು ಒಟ್ಟು 172. ಪಂದ್ಯಕ್ಕೆ ಸರಾಸರಿ ಮೂರೂ ಇಲ್ಲ. ತೊಂಬತ್ತು ನಿಮಿಷ ಇಪ್ಪತ್ತೆರಡು ಜನ ಓಡಾಡಿದ್ದರಲ್ಲಿ ಲೆಕ್ಕಕ್ಕೆ ಬಂದದ್ದು ಎರಡು ಮೂರು ಗಳಿಗೆ ಮಾತ್ರ. ನೋಡುವವನ ನೆನಪು ಆ ಗಳಿಗೆಗಳಿಗೇ ಜೋತುಬೀಳುತ್ತದೆ. ಮೊದಲರ್ಧದಲ್ಲಿ ನಮ್ಮ ಮುಂದಾಳು ಹುಡುಗ ಗೋಲಿನೆದುರು ಒಬ್ಬನೇ ಇದ್ದು ಎರಡು ಸಲ ಹೊರಗೆ ಹೊಡೆದಿದ್ದ. ಅದರಲ್ಲಿ ಒಂದು ಒಳಗೆ ಹೋಗಿದ್ದರೂ ಗೋಲಿಯ ಮುಷ್ಟಿಯ ಮಾತೇ ಹುಟ್ಟುತ್ತಿರಲಿಲ್ಲ. ಚೌಕದಲ್ಲಿ ಆ ಮುಂದಾಳಿನ ಹೆಸರನ್ನು ಒಬ್ಬನೂ ಎತ್ತಲಿಲ್ಲ. ಎತ್ತಬೇಕಾಗಿತ್ತೆಂದಲ್ಲ, ಅವನು ನಮ್ಮ ಜೊತೆಗೇ ಕುಳಿತು ಚಹಾ ಕುಡಿಯುತ್ತಿದ್ದ.

ಎರಡನೆಯ ಕಾರಣ ಮನಸ್ಸಿನದು. ಬರೂಕ್ ಫಿಶ್‌ಹಾಫ್ ಎಂಬ ಮನೋವಿಜ್ಞಾನಿ 1975ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದ. ಇತಿಹಾಸದ ವಿದ್ಯಾರ್ಥಿಗಳಿಗೆ ಅದು ರುಚಿಸೀತು, ಏಕೆಂದರೆ ಅವನು ತೆಗೆದುಕೊಂಡ ವಿಷಯ 1814ರಲ್ಲಿ ಆಂಗ್ಲರಿಗೂ ಗೂರ್ಖರಿಗೂ ಆದ ಯುದ್ಧ. ಯುದ್ಧದ ವರ್ಣನೆಯನ್ನು ಓದಲು ಕೊಟ್ಟು, ಕೆಲವರಿಗೆ ಆಂಗ್ಲರು ಗೆದ್ದರೆಂದೂ ಕೆಲವರಿಗೆ ಗೂರ್ಖರು ಗೆದ್ದರೆಂದೂ ಹೇಳಿದ. ಬಳಿಕ, ಈ ವರ್ಣನೆಯಿಂದ ಯಾವ ಫಲ ಎಷ್ಟು ಸಂಭವವೆಂದು ತೋರುತ್ತದೆ ಎಂದು ಕೇಳಿದ. ಯಾರಿಗೆ ಯಾವ ಫಲವನ್ನು ಹೇಳಿದ್ದನೋ ಅವರಿಗೆ ಆ ಫಲವೇ ಮೊದಲಿನಿಂದಲೂ ಹೆಚ್ಚು ಸಂಭವವಾಗಿದ್ದಂತೆ ಕಂಡಿತು. ಹೇಳಿದ ಮಾತಿನಿಂದ ತಮ್ಮ ಎಣಿಕೆ ಬದಲಾಯಿತೆಂಬುದೂ ಅವರಿಗೆ ತಿಳಿಯಲಿಲ್ಲ. ನಮ್ಮ ಗೋಲಿ ಗೆರೆ ಬಿಟ್ಟ ಕ್ಷಣದಲ್ಲಿ "ಬ್ಯಾಡೋ!" ಎಂದು ನಮ್ಮಲ್ಲಿ ಯಾರಾದರೂ ಕೂಗಿದ್ದೆವೇ? ಇಲ್ಲ. ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ. ಚೆಂಡು ಒಳಗೆ ಬಿದ್ದ ಮೇಲೆ ಮಾತ್ರ "ನನಗ ಆಗಳ ಗೊತ್ತಿತ್ತು" ಎಂದು ಏಳು ಜನ ಹೇಳಿದರು. ಅವರಲ್ಲಿ ನಾನೂ ಒಬ್ಬ.

ಆದರೆ ಎಲ್ಲ ಸೋಲೂ ದುರ್ದೈವ, ಯಾರದೂ ತಪ್ಪಿಲ್ಲ ಎಂದು ಕೈ ತೊಳೆದುಕೊಳ್ಳುವುದೂ ವಿಮರ್ಶೆಯಲ್ಲ. ಅದು ಸೋಮಾರಿತನ. ಇಲ್ಲಿ ಒಂದು ದೊಡ್ಡ ಉದಾಹರಣೆಯನ್ನು ಬಿಡಿಸಿ ನೋಡುವುದು ಉಪಯುಕ್ತ.

ಬೆಂಗಳೂರಿನ ಫುಟ್‌ಬಾಲ್ ತಂಡ ಬೆಂಗಳೂರು ಎಫ್.ಸಿ. 2017-18ರಲ್ಲಿ ಮೊದಲ ಸಲ ಇಂಡಿಯನ್ ಸೂಪರ್ ಲೀಗಿನಲ್ಲಿ ಆಡಿತು. ಲೀಗಿನ 18 ಪಂದ್ಯಗಳಲ್ಲಿ 13ನ್ನು ಗೆದ್ದು, ಒಂದನ್ನು ಸಮ ಮಾಡಿ, ನಾಲ್ಕನ್ನು ಸೋತು 40 ಅಂಕ ಗಳಿಸಿತು. ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕೆ ಇದ್ದದ್ದು 32. ಎಂಟು ಅಂಕಗಳ ಅಂತರವೆಂದರೆ ಹದಿನೆಂಟು ಪಂದ್ಯಗಳ ಲೀಗಿನಲ್ಲಿ ಸಣ್ಣದಲ್ಲ. ಇವೆರಡೇ ತಂಡಗಳು 2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯಕ್ಕೆ ಎದುರಾದವು. ಊರು ತಮ್ಮದು, ಮೈದಾನ ತಮ್ಮದು, ಜನ ತಮ್ಮವರು. ಒಂಬತ್ತನೆಯ ನಿಮಿಷದಲ್ಲಿ ಉದಾಂತ ಸಿಂಗ್ ಕೊಟ್ಟ ಚೆಂಡಿಗೆ ನಾಯಕ ಸುನೀಲ್ ಛೇತ್ರಿ ಮೈ ಚಾಚಿ ಹಾರಿ ತಲೆ ಕೊಟ್ಟು ಗೋಲು ಮಾಡಿದರು. ಅದಾದ ಎಂಟೇ ನಿಮಿಷಕ್ಕೆ ಚೆನ್ನೈಯಿನ್ ತಂಡಕ್ಕೆ ಕಾರ್ನರ್. ಬ್ರೆಜಿಲಿನ ರಕ್ಷಕ ಆಟಗಾರ ಮೈಲ್ಸನ್ ತಲೆಯಿಂದ ಗೋಲು ಮಾಡಿದ. 45ನೆಯ ನಿಮಿಷದಲ್ಲಿ ಮತ್ತೆ ಕಾರ್ನರ್, ಮತ್ತೆ ಮೈಲ್ಸನ್, ಮತ್ತೆ ತಲೆ. 67ನೆಯ ನಿಮಿಷದಲ್ಲಿ ರಫಾಯೆಲ್ ಅಗಸ್ಟೊ ಮೂರನೆಯದನ್ನು ಹೊಡೆದ. ಹೆಚ್ಚುವರಿ ಸಮಯದ ಎರಡನೆಯ ನಿಮಿಷದಲ್ಲಿ ಮಿಕು ಒಂದನ್ನು ತೀರಿಸಿದರೂ ಹೊತ್ತು ಮೀರಿತ್ತು. ಮೂರು, ಎರಡು. ಕಪ್ಪು ಚೆನ್ನೈಗೆ ಹೋಯಿತು.

ಈ ಸೋಲನ್ನು ಹೇಗೆ ಅಳೆಯಬೇಕು? "ದೊಡ್ಡ ಪಂದ್ಯದಾಗ ಇವರಿಗೆ ಕೈಕಾಲು ನಡಗ್ತಾವ" ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಇದೇ ತಂಡ ಲೀಗಿನಲ್ಲಿ ಎಲ್ಲರಿಗಿಂತ ಮುಂದಿತ್ತು. ಹದಿನೆಂಟು ಪಂದ್ಯಗಳ ಸಾಕ್ಷ್ಯವನ್ನು ಒಂದು ರಾತ್ರಿಯ ಸಾಕ್ಷ್ಯದಿಂದ ಅಳಿಸಿಹಾಕಲು ಬರುವುದಿಲ್ಲ. ಇನ್ನೊಂದೆಡೆ, ಒಂದು ರಾತ್ರಿಯ ಸಾಕ್ಷ್ಯದಲ್ಲಿಯೂ ಹುರುಳಿಲ್ಲವೆಂದಲ್ಲ. ದೊಡ್ಡ ದೊಡ್ಡ ಲೀಗುಗಳಲ್ಲಿಯೂ ನೂರು ಕಾರ್ನರುಗಳಿಗೆ ಗೋಲಾಗುವುದು ಮೂರೋ ನಾಲ್ಕೋ. ಕಾರ್ನರಿನಿಂದ ಒಂದು ಗೋಲಾದರೆ ಅದನ್ನು ದೈವವೆನ್ನಬಹುದು. ಅರ್ಧ ಪಂದ್ಯದೊಳಗೆ ಎರಡು, ಅದೂ ಒಬ್ಬನದೇ ತಲೆಯಿಂದ ಆದರೆ ಅದು ಪ್ರಶ್ನೆಗೆ ಯೋಗ್ಯವಾದ ಸಂಗತಿ. ಅವನ ಹತ್ತಿರ ಯಾರು ನಿಲ್ಲಬೇಕಾಗಿತ್ತು? ಮೊದಲನೆಯದರ ಬಳಿಕ ಏನನ್ನು ಬದಲಿಸಿದರು? ಹೀಗೆ ಕೇಳಿದರೆ ಪ್ರಶ್ನೆ ಒಬ್ಬನ ಮಾನದ ಮೇಲೆ ಬೀಳುವುದಿಲ್ಲ, ಒಂದು ಕೆಲಸದ ಮೇಲೆ ಬೀಳುತ್ತದೆ. ಕೆಲಸವನ್ನು ತಿದ್ದಬಹುದು.

ಮುಂದಿನ ವರ್ಷ ಬೆಂಗಳೂರು ತಂಡ ಮತ್ತೆ ಅಂತಿಮ ಪಂದ್ಯವನ್ನು ಮುಟ್ಟಿತು. ತರಬೇತುದಾರ ಆಲ್ಬರ್ಟ್ ರೋಕಾ ಹೋಗಿ, ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಆ ಸ್ಥಾನಕ್ಕೆ ಬಂದಿದ್ದರು. ಎದುರಾಳಿ ಗೋವೆಯ ತಂಡ, ಸ್ಥಳ ಮುಂಬಯಿ, ದಿನ 2019ರ ಮಾರ್ಚ್ 17. ಬರೋಬ್ಬರಿ ಒಂದು ವರ್ಷ! ತೊಂಬತ್ತು ನಿಮಿಷ ಯಾರಿಗೂ ಗೋಲಿಲ್ಲ. 117ನೆಯ ನಿಮಿಷದಲ್ಲಿ ದಿಮಾಸ್ ದೆಲ್ಗಾಡೊ ಹೊಡೆದ ಕಾರ್ನರಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಅದೊಂದೇ ಗೋಲಿನಿಂದ ಬೆಂಗಳೂರು ಚಾಂಪಿಯನ್ ಆಯಿತು. ಹಿಂದಿನ ವರ್ಷ ಕಪ್ಪನ್ನು ಕಸಿದ ಮೂಲೆಯೇ ಈ ವರ್ಷ ಕಪ್ಪನ್ನು ಕೊಟ್ಟಿತು. ಇದರಿಂದ 2018ರ ತಂಡ ಕೆಟ್ಟದಾಗಿತ್ತೆಂದಾಗಲಿ 2019ರದು ಶ್ರೇಷ್ಠವಾಗಿತ್ತೆಂದಾಗಲಿ ಸಿದ್ಧವಾಗುವುದಿಲ್ಲ. ಅಂಕಗಳಲ್ಲಿ ನೋಡಿದರೆ ಸೋತ ವರ್ಷದ ತಂಡವೇ ಮೇಲು.

ನಮ್ಮ ಚೌಕಕ್ಕೆ ಮರಳೋಣ. ಪಂದ್ಯವಾದ ನಾಲ್ಕನೆಯ ದಿನ ಬಬಲೇಶ್ವರದ ಕಡೆಯ ಗೆಳೆಯನೊಬ್ಬ ಒಂದು ನೋಟುಬುಕ್ಕನ್ನು ನನ್ನ ಮುಂದೆ ಹಾಕಿದ. ಅವನು ತಂಡದವನೇ, ಕಾಲು ಉಳುಕಿ ಆ ದಿನ ಹೊರಗೆ ಕುಳಿತಿದ್ದ. ಸುಮ್ಮನೆ ಕೂಡ್ರಲು ಬೇಸರವಾಗಿ ಅರ್ಥಶಾಸ್ತ್ರದ ನೋಟ್ಸಿನ ಹಿಂದಿನ ಹಾಳೆಗಳಲ್ಲಿ ಪಂದ್ಯವನ್ನು ಬರೆದಿಟ್ಟಿದ್ದ. ಚೆಂಡನ್ನು ಯಾರು ಎಲ್ಲಿ ಕಳೆದುಕೊಂಡರು, ಕಾರ್ನರ್ ಎಷ್ಟು, ಯಾರ ತಲೆಗೆ ಮೊದಲು ಸಿಕ್ಕಿತು, ಎಲ್ಲವೂ ಗೀಟುಗಳಲ್ಲಿ ಇದ್ದವು.

ಹೀಗೆ ಗೀಟು ಹಾಕಿಕೊಂಡು ಆಟವನ್ನು ಅಳೆದವರಲ್ಲಿ ಚಾರ್ಲ್ಸ್ ರೀಪ್ ಎಂಬ ಆಂಗ್ಲ ವಾಯುದಳದ ಅಧಿಕಾರಿ ಪ್ರಸಿದ್ಧ. 1950ರ ಮಾರ್ಚ್ 18ರಂದು ಸ್ವಿಂಡನ್ ಊರಿನ ಪಂದ್ಯವೊಂದರ ನಡುವಿನ ವಿರಾಮದಲ್ಲಿ ಅವನು ಪೆನ್ಸಿಲು ಹಿಡಿದವನು, ಮುಂದೆ ಸಾವಿರಾರು ಪಂದ್ಯಗಳನ್ನು ಬರೆದಿಟ್ಟ. ಹೆಚ್ಚಿನ ಗೋಲುಗಳು ಮೂರು ಪಾಸುಗಳೊಳಗೇ ಆಗುತ್ತವೆ, ಆದುದರಿಂದ ಉದ್ದುದ್ದ ಹೊಡೆಯುವುದೇ ಲೇಸು ಎಂದು ತೀರ್ಮಾನಿಸಿದ. ಆದರೆ ಪಂದ್ಯದಲ್ಲಿ ಚೆಂಡು ಕೈಬದಲಾಗುವುದೇ ಹೆಚ್ಚಾಗಿ ಮೂರು ಪಾಸುಗಳೊಳಗೆ. ಹಾಗಿದ್ದ ಮೇಲೆ ಗೋಲುಗಳೂ ಅಲ್ಲಿಯೇ ಹೆಚ್ಚು ಕಾಣುವುದು ಸಹಜ. ಸರಿಯಾಗಿ ಭಾಗಿಸಿ ನೋಡಿದ ಮುಂದಿನವರಿಗೆ, ಯಶಸ್ವಿ ತಂಡಗಳಲ್ಲಿ ಹೆಚ್ಚು ಪಾಸುಗಳ ಆಟವೇ ಹೆಚ್ಚು ಫಲ ಕೊಟ್ಟದ್ದು ಕಂಡುಬಂತು. ಸಂಖ್ಯೆ ಬರೆದಿಟ್ಟ ಮಾತ್ರಕ್ಕೆ ವಿಚಾರ ಮುಗಿಯಲಿಲ್ಲವೆಂದಾಯಿತು. ನೋಟುಬುಕ್ಕನ್ನು ತಂದ ಗೆಳೆಯನಿಗೆ ಇದನ್ನು ಹೇಳಿದೆ. "ಅಷ್ಟೆಲ್ಲಾ ಬ್ಯಾಡ, ಕಾರ್ನರ್ ಅಷ್ಟ ನೋಡು" ಎಂದ.

ನೋಡಿದೆ. ಎರಡನೆಯ ಅರ್ಧದಲ್ಲಿ ಎದುರಾಳಿಗಳಿಗೆ ಏಳು ಕಾರ್ನರುಗಳು. ಅವುಗಳಲ್ಲಿ ಐದರಲ್ಲಿ ಚೆಂಡಿಗೆ ಮೊದಲು ತಲೆ ಕೊಟ್ಟವನು ಒಬ್ಬನೇ, ಐದನೆಯ ನಂಬರಿನ ಉದ್ದನೆಯ ಹುಡುಗ. ನಾಲ್ಕು ಸಲ ಚೆಂಡು ಹೊರಗೆ ಹೋಗಿತ್ತು ಅಥವಾ ಕಂಬಕ್ಕೆ ಬಡಿದಿತ್ತು. ಐದನೆಯ ಸಲ ಗೋಲಾಯಿತು. ಅಂದರೆ ನಾವು ಸೋತದ್ದು ಕೊನೆಯ ನಿಮಿಷದಲ್ಲಿ ಅಲ್ಲ. ನಲವತ್ತು ನಿಮಿಷಗಳಿಂದ ಸೋಲುತ್ತಲೇ ಇದ್ದೆವು, ಅದು ಕೊನೆಯ ನಿಮಿಷದಲ್ಲಿ ಕಣ್ಣಿಗೆ ಬಿತ್ತು. ಐದೂ ಸಲ ಆ ಹುಡುಗನ ಬಳಿ ನಮ್ಮವರಾರೂ ಇರಲಿಲ್ಲ.

ಏಕೆ ಇರಲಿಲ್ಲ? ಉತ್ತರ ಮೈದಾನದಲ್ಲಿ ಸಿಗಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು. ನಮ್ಮ ತಂಡದ ನಾಲ್ಕು ಜನ ರಕ್ಷಕರಲ್ಲಿ ಇಬ್ಬರು ತಿಕೋಟಾ ಕಡೆಯವರು, ಒಬ್ಬ ಬಬಲೇಶ್ವರದ ಆಚೆಯ ಹಳ್ಳಿಯವನು. ಸಂಜೆ ಐದೂವರೆಗೆ ಅವರು ಚೀಲ ಹೆಗಲಿಗೇರಿಸಲೇಬೇಕು. ಆ ಬಸ್ಸು ತಪ್ಪಿದರೆ ಊರು ಮುಟ್ಟುವುದು ಕಷ್ಟ. ಕಾರ್ನರುಗಳ ಅಭ್ಯಾಸವನ್ನು ನಾವು ಯಾವಾಗಲೂ ಕೊನೆಗೆ, ಐದೂವರೆಯ ಮೇಲೆ ಮಾಡುತ್ತಿದ್ದೆವು. ಇಡೀ ವರ್ಷದಲ್ಲಿ ನಾಲ್ವರು ರಕ್ಷಕರೂ ಗೋಲಿಯೂ ಕೂಡಿ ಒಂದೇ ಒಂದು ಕಾರ್ನರನ್ನೂ ಅಭ್ಯಾಸ ಮಾಡಿರಲಿಲ್ಲ. ಯಾರು ಯಾರ ಬಳಿ ನಿಲ್ಲಬೇಕೆಂಬುದನ್ನು ಅವರು ಪಂದ್ಯದ ದಿನವೇ ಕಲಿಯಬೇಕಾಯಿತು.

ನಮ್ಮದು ತಿಕೋಟಾ ಸೀಮೆಯ ದ್ರಾಕ್ಷಿ ತೋಟ. ಅಪ್ಪನಿಗೆ ಕಾಲ್ಚೆಂಡು ಗೊತ್ತಿಲ್ಲ. ಆದರೂ ಊಟಕ್ಕೆ ಕುಳಿತಾಗ ಈ ಬಸ್ಸಿನ ಸಂಗತಿಯನ್ನು ಹೇಳಿದೆ. ಅವರು, "ಎಪ್ರಿಲ್ ಚಾಟಣಿ ಕೆಡಿಸಿಕೊಂಡಂವ ಅಕ್ಟೋಬರ್ ಚಾಟಣಿ ಆದಮ್ಯಾಲ ಗೊನಿ ಯಾಕ ಬರಲಿಲ್ಲಂತ ಬಳ್ಳಿ ಬೈತಾನ" ಎಂದು ರೊಟ್ಟಿ ಮುರಿದರು. ತೋಟವಿಲ್ಲದವರಿಗಾಗಿ ಹೇಳುತ್ತೇನೆ: ನಮ್ಮ ಕಡೆ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ. ಗೊನೆ ಹೊರಬೀಳುವುದು ಅಕ್ಟೋಬರಿನ ಚಾಟಣಿಯ ಮೇಲೆ. ಆದರೆ ಕಣ್ಣಿನೊಳಗೆ ಗೊನೆ ಕಟ್ಟುವುದು ಎಪ್ರಿಲ್ ಚಾಟಣಿಯ ನಂತರ ಬೆಳೆದ ಕಡ್ಡಿಯಲ್ಲಿ, ಬೇಸಿಗೆಯಲ್ಲಿಯೇ. ದಾವಣಿ ರೋಗ, ಅಕಾಲದ ಮಳೆ ಇವು ಬೇರೆ. ಅವನ್ನು ಅಪ್ಪ ಬೇರೆಯೇ ಲೆಕ್ಕದಲ್ಲಿ ಇಡುತ್ತಾರೆ.

ಇಷ್ಟು ಕಂಡುಕೊಂಡ ಮೇಲೆ ಗೋಲಿಯ ಖೋಲಿಗೆ ಹೋಗುವ ಧೈರ್ಯ ಬಂತು. ಹೋಗುವಾಗ ನನ್ನ ಮನಸ್ಸಿನಲ್ಲಿ ಬಾರ್ಬೋಸನ ಕಥೆ ಇತ್ತು. 1950ರ ಜುಲೈ 16ರಂದು ರಿಯೊ ನಗರದ ಮರಕಾನಾದಲ್ಲಿ ಬ್ರೆಜಿಲಿಗೂ ಉರುಗ್ವೆಗೂ ವಿಶ್ವ ಕಪ್ಪಿನ ನಿರ್ಣಾಯಕ ಪಂದ್ಯ. ಸಮವಾದರೂ ಬ್ರೆಜಿಲಿಗೆ ಕಪ್ಪು. ಟಿಕೆಟು ಕೊಂಡು ಬಂದವರೇ 1,73,850 ಜನರೆಂದು ದಾಖಲೆಯಿದೆ. ಬ್ರೆಜಿಲ್ ಮೊದಲು ಗೋಲು ಹೊಡೆಯಿತು. 66ನೆಯ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಬಲಗಡೆಯಿಂದ ಓಡಿಬಂದು ಚೆಂಡನ್ನು ನಡುವಿಗೆ ಕೊಟ್ಟ, ಸ್ಕಿಯಾಫಿನೊ ಸಮ ಮಾಡಿದ. 79ನೆಯ ನಿಮಿಷದಲ್ಲಿ ಗಿಗ್ಗಿಯಾ ಅದೇ ದಾರಿಯಲ್ಲಿ ಮತ್ತೆ ಓಡಿಬಂದ. ಮತ್ತೆ ನಡುವಿಗೇ ಕೊಡುತ್ತಾನೆಂದು ಗೋಲಿ ಬಾರ್ಬೋಸ ಒಂದು ಹೆಜ್ಜೆ ಆ ಕಡೆಗೆ ಸರಿದ. ಗಿಗ್ಗಿಯಾ ನೇರವಾಗಿ ಹತ್ತಿರದ ಕಂಬದ ಸಂದಿಯಿಂದ ಹೊಡೆದ. ಹದಿಮೂರು ನಿಮಿಷದ ಹಿಂದೆ ಕಣ್ಣಾರೆ ಕಂಡದ್ದನ್ನು ನಂಬಿ ಇಟ್ಟ ಆ ಹೆಜ್ಜೆಗಾಗಿ ಆ ದೇಶ ಅವನನ್ನು ಅವನು ಸಾಯುವವರೆಗೆ, 2000ನೆಯ ಇಸವಿಯವರೆಗೆ ಕ್ಷಮಿಸಲಿಲ್ಲ. ನಮ್ಮ ದೇಶದಲ್ಲಿ ಅತಿ ದೊಡ್ಡ ಶಿಕ್ಷೆಯೇ ಮೂವತ್ತು ವರ್ಷ, ನನ್ನದು ಐವತ್ತು ವರ್ಷದ ಶಿಕ್ಷೆಯಾಯಿತೆಂದು ಅವನು ನೊಂದುಕೊಂಡದ್ದುಂಟು.

ಈ ಕಥೆಯನ್ನು ಹೇಳಿ ನಮ್ಮ ಗೋಲಿಗೆ ಸಮಾಧಾನ ಮಾಡಬೇಕೆಂದು ಹೋದವನು ನಾನು. ಅವನು ಹೇಳಲು ಬಿಡಲಿಲ್ಲ.

"ಕೂಡು" ಎಂದ. ನೀರು ಕೊಟ್ಟ. ಆಮೇಲೆ ಕೇಳಿದ: "ಹ್ವಾದ ವರ್ಷ ನಾವು ಹೆಂಗ ಸೋತ್ವಿ, ನೆನಪೈತೇನು?"

ನೆನಪಿತ್ತು. ಆಗಲೂ ಒಂದು ಕಾರ್ನರಿನಿಂದಲೇ ಗೋಲಾಗಿತ್ತು. ಆ ಸಲ ಅವನು ಗೆರೆಯ ಮೇಲೆಯೇ ನಿಂತಿದ್ದ.

"ಆವತ್ತ ಚೌಕದಾಗ ನನಗ ಏನಂದ್ರಿ? 'ಗೂಟಾ ಹೊಡದಂಗ ನಿಂತಿದ್ದ, ಒಂದ್ ಹೆಜ್ಜಿ ಮುಂದ ಬಂದಿದ್ರ ಏನಾಕ್ಕಿತ್ತು' ಅಂದ್ರಿ. ವರ್ಷಾನಗಟ್ಲೆ ಗೂಟಾ ಗೂಟಾ ಅಂತ ಕರದ್ರಿ. ಈ ಸಲ ಚೆಂಡು ಮ್ಯಾಲ ಬಂದಾಗ ನನ್ನ ಕಿವ್ಯಾಗ ಅದ ಇತ್ತು. ಬಂದೆ. ಈಗ ಕಲ್ಲ ಇಡಬೇಕಿತ್ತು ಅಂತೀರಿ. ಮುಂದಿನ ಸಲ ಏನ್ ಮಾಡ್ಲಿ? ನೀನ ಹೇಳು."

ನನ್ನಲ್ಲಿ ಉತ್ತರವಿರಲಿಲ್ಲ. 'ಗೂಟ' ಎಂಬ ಹೆಸರನ್ನು ಇಟ್ಟವನೂ ನಾನೇ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಆ ರಾತ್ರಿ ಹುಡುಕುತ್ತ ಹೋದಾಗ ಇಸ್ರೇಲಿನ ಕೆಲವು ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಕಣ್ಣಿಗೆ ಬಿತ್ತು. ಅವರು ದೊಡ್ಡ ಪಂದ್ಯಗಳ 286 ಪೆನಾಲ್ಟಿ ಹೊಡೆತಗಳನ್ನು ಪರೀಕ್ಷಿಸಿದ್ದರು. ಗೋಲಿಗಳು ನೂರಕ್ಕೆ ತೊಂಬತ್ತಮೂರಕ್ಕೂ ಹೆಚ್ಚು ಸಲ ಎಡಕ್ಕೋ ಬಲಕ್ಕೋ ಹಾರಿದ್ದರು. ಆದರೆ ಚೆಂಡುಗಳು ಹೋದ ದಿಕ್ಕನ್ನು ಲೆಕ್ಕಹಾಕಿದರೆ ಇದ್ದಲ್ಲಿಯೇ ನಿಂತಿದ್ದರೆ ಹೆಚ್ಚು ಚೆಂಡುಗಳನ್ನು ತಡೆಯಬಹುದಾಗಿತ್ತು. ಹಾಗಾದರೆ ಏಕೆ ಹಾರುತ್ತಾರೆ? ಹಾರಿ ಗೋಲಾದರೆ ಪ್ರಯತ್ನಪಟ್ಟನೆನ್ನಿಸುತ್ತದೆ, ನಿಂತು ಗೋಲಾದರೆ ಕೈಕಟ್ಟಿ ನಿಂತನೆನ್ನಿಸುತ್ತದೆ, ಆ ನೋವೇ ಹೆಚ್ಚು ಎಂಬುದು ಸಂಶೋಧಕರ ವಿವರಣೆ. ನಮ್ಮ ಗೋಲಿಯದು ಪೆನಾಲ್ಟಿಯಲ್ಲ, ಕಾರ್ನರು. ಎರಡೂ ಒಂದೇ ಎನ್ನಲಾರೆ. ಆದರೆ ಗೋಲುಕಂಬಗಳ ನಡುವೆ ನಿಂತವನ ಕಿವಿಯಲ್ಲಿ ಯಾರ ದನಿ ಇರುತ್ತದೆಂಬುದು ನನಗೆ ಆಗ ತಿಳಿಯಿತು. ಎದುರಾಳಿಯ ಐದನೆಯ ನಂಬರಿನವನ ಜೊತೆಗೆ ಅಂದು ಗಾಂಧಿ ಚೌಕವೂ ಅವನ ಮೇಲೆ ಏರಿಹೋಗಿತ್ತು. ನೋಟುಬುಕ್ಕಿನ ಗೀಟುಗಳಲ್ಲಿ ಆ ಹನ್ನೆರಡನೆಯ ಎದುರಾಳಿಯ ಲೆಕ್ಕ ಇರಲಿಲ್ಲ.

ಮರುವಾರ ನಾವು ಮೂವರು, ಗೋಲಿ, ನೋಟುಬುಕ್ಕಿನ ಗೆಳೆಯ, ನಾನು, ದೈಹಿಕ ಶಿಕ್ಷಣದ ಸರ್ ಅವರ ಕಡೆಗೆ ಹೋದೆವು. ಅವರು ಹಾಳೆಗಳನ್ನು ತಿರುವಿದರು, ಏನೂ ಹೇಳಲಿಲ್ಲ. ಮರುದಿನ ಅಭ್ಯಾಸಕ್ಕೆ ಹೋದಾಗ ಕ್ರಮ ತಿರುಗಿತ್ತು. ಓಟ, ಪಾಸು ಎಲ್ಲವೂ ಹಿಂದಕ್ಕೆ. ನಾಲ್ಕೂವರೆಗೆ ಬಂದ ಕೂಡಲೇ ಮೊದಲು ಕಾರ್ನರು. ನಾಲ್ವರು ರಕ್ಷಕರೂ ಅಲ್ಲಿದ್ದರು. ಮೊಳೆಗೆ ತೂಗುಬಿದ್ದಿದ್ದ ಕೈಚೀಲಗಳು ಅಂದು ಅವನ ಕೈಯಲ್ಲಿದ್ದವು.

ಎಂದಿನಂತೆ ನಾನು ಗೋಲಿನ ಹಿಂದೆ ಹೋಗಿ ನಿಂತೆ. ಅವನು ತಿರುಗಿ ನೋಡಿ ಕೈಚೀಲಗಳನ್ನು ಕಳಚಿದ.

"ಬಾ, ನೀ ನಿಲ್ಲು. ಹತ್ತ ಕಾರ್ನರ್."

ಎಲ್ಲರೂ ನಗುತ್ತಿದ್ದರು. ನಿಂತೆ. ಹೊರಗಿನಿಂದ ನೋಡುವಾಗ ನಿಧಾನವಾಗಿ ತೇಲಿ ಬಂದಂತೆ ಕಾಣುವ ಚೆಂಡು ಅಲ್ಲಿ ಒಳಗೆ ನಿಂತಾಗ ಬಿಸಿಲಿನೊಳಗಿಂದ ಒಮ್ಮೆಲೇ ಹೊರಬೀಳುತ್ತದೆ. ಅದು ಎಲ್ಲಿ ಇಳಿಯುವುದೆಂದು ಗೊತ್ತಾಗುವುದರೊಳಗೆ ಮುಂದೆ ಆರು ಜನರ ಬೆನ್ನು, ಯಾರದೋ ಮೊಳಕೈ. ಮೊದಲನೆಯದಕ್ಕೆ ಮುಂದೆ ಬಂದೆ, ಚೆಂಡು ತಲೆಯ ಮೇಲಿಂದ ಹೋಯಿತು. ಎರಡನೆಯದಕ್ಕೆ ಗೆರೆಯ ಮೇಲೆ ನಿಂತೆ, ಮೂರು ಮಾರು ದೂರದಿಂದ ಒಬ್ಬ ತಲೆ ಕೊಟ್ಟ, ಕೈ ಎತ್ತಲೂ ಹೊತ್ತಾಗಲಿಲ್ಲ. ಮೂರನೆಯದಕ್ಕೆ ಬರಲೋ ನಿಲ್ಲಲೋ ಎಂದು ಎಣಿಸುತ್ತ ನಡುವೆ ಸಿಕ್ಕಿಬಿದ್ದೆ. ಹತ್ತರಲ್ಲಿ ನಾನು ಮುಟ್ಟಿದ್ದು ಎರಡು. ಅದರಲ್ಲಿ ಒಂದು ನನ್ನ ಕಿವಿಗೆ ಬಡಿದು ಹೊರಗೆ ಹೋದದ್ದು. ಅದನ್ನೂ ಅವನು ಉದಾರವಾಗಿ ನನ್ನ ಲೆಕ್ಕಕ್ಕೆ ಹಿಡಿದ.

ನೋಟುಬುಕ್ಕಿನ ಗೆಳೆಯ ಗೀಟು ಹಾಕುತ್ತಿದ್ದ. ಐದೂವರೆಗೆ ತಿಕೋಟಾದವರೂ ಬಬಲೇಶ್ವರದವನೂ ಚೀಲ ಹೆಗಲಿಗೇರಿಸಿದರು. ಕಿವಿ ತಿಕ್ಕಿಕೊಳ್ಳುತ್ತ ನಾನು ಗೋಲಿನ ಹಿಂದಿನ ನನ್ನ ಜಾಗಕ್ಕೆ ಹೋಗಿ ನಿಂತೆ. ಅವನು ಕೈಚೀಲಗಳನ್ನು ಹಾಕಿಕೊಂಡು ಗೆರೆಯ ಮೇಲೆ ಬಂದ.